ಎರಡನೇ ಗೇರಿಗೆ ಮುನ್ನ ಒಂದು ಉಸಿರು



ನಾನು ಹುಬ್ಬಳ್ಳಿಯವನು. ಇಪ್ಪತ್ತೈದು ವರ್ಷಗಳಿಂದ ಇಟಲಿಯ ಟುರಿನ್ ನಗರದಲ್ಲಿದ್ದೇನೆ, ಇಂಜಿನಿಯರ್ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ಬಾನುಲಿಯ ಗೆಳೆಯರು ಏನಾದರೂ ಮಾತಾಡಿ ಎಂದರು. ಹೇಳಬಹುದಾದ ಸಂಗತಿಗಳು ಹಲವು ಇದ್ದವು. ಆದರೆ ಹೋದ ಅಕ್ಟೋಬರಿನಿಂದ ನನ್ನ ಕಿವಿಯಲ್ಲಿ ಒಂದು ಸದ್ದು ತುಂಬಿಕೊಂಡಿದೆ. ಸದ್ದಿನ ಮಾತನ್ನು ಹೇಳಲು ಬಾನುಲಿಗಿಂತ ಒಳ್ಳೆಯ ಜಾಗ ಎಲ್ಲಿದೆ?

ಆ ಸದ್ದಿನ ಮೊದಲ ಎಳೆ ಇರುವುದು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ. ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಫಿಯಟ್ ಕೊಂಡಿದ್ದರು. ಕಾಗದದ ಮೇಲೆ ಅದು ಪ್ರೀಮಿಯರ್ ಪದ್ಮಿನಿ, ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು. ಊರವರ ಬಾಯಲ್ಲಿ ಮಾತ್ರ ಫಿಯಟ್ಟೇ. 1089 ಸಿ.ಸಿ. ಇಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ. ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಾದ ಕಾಲ ಅದು. ಹಾಗಾಗಿ ಹಳೆಯ ಗಾಡಿಯೇ ನಮಗೆ ಹಬ್ಬ. ಅದರ ಆರೈಕೆ ಮಾಡುತ್ತಿದ್ದ ಮಿಸ್ತ್ರಿಯನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಚಾಚಾ ಬಾನೆಟ್ ಎತ್ತಿದ ಮೇಲೆ ಮೊದಲು ಪಾನಾ ಹಿಡಿಯುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಇಂಜಿನ್ನಿನ ಮೇಲಿಟ್ಟು, ಅದರ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ನನ್ನನ್ನೂ ಕರೆದರು. “ಇಲ್ಲಿ ಕಿವಿ ಹಚ್ಚು ತಮ್ಮಾ. ಮೂರನೇ ಟಪ್ಪೆಟ್ಟು ಅಳಾಕ್ಹತ್ತೇತಿ. ಕೇಳತೈತೇನು?” ಹಿಡಿಗೆ ಕಿವಿ ಕೊಟ್ಟೆ. ಕಬ್ಬಿಣದ ಒಳಗಿಂದ ಒಂದು ಊರೇ ಮಾತಾಡುತ್ತಿತ್ತು. ಆ ಗದ್ದಲದ ನಡುವೆ ಒಂದು ಚಿಕ್ಕ ಟಕಟಕ ಬೇರೆಯಾಗಿ ಕೇಳಿತು. ಆಗ ನನಗೆ ಹನ್ನೊಂದು ವರ್ಷ.

ಅದೇ ಚಾಚಾನ ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಚಿತ್ರ ಅಂಟಿಸಿತ್ತು. ಯಾವುದೋ ಪರದೇಶದ ಪತ್ರಿಕೆಯಿಂದ ಹರಿದದ್ದು, ಅಂಚಿಗೆಲ್ಲ ಎಣ್ಣೆಯ ಬೆರಳಚ್ಚು. ಕೆಂಪು ಕಾರು, ಎರಡೇ ಸೀಟು, ಮೇಲೆ ಆಕಾಶ. ಮೂತಿ ತಗ್ಗಿ ಮುಂದಕ್ಕೆ ಚಾಚಿದೆ, ಬೆನ್ನು ಕುಡುಗೋಲಿನಿಂದ ಕೊಯ್ದ ಹಾಗೆ ಥಟ್ಟನೆ ನಿಂತಿದೆ. ಬಾಗಿಲಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ಎಳೆದಂಥ ಒಂದು ತಗ್ಗು ಗೆರೆ. “ಇದೂ ನಿಮ್ಮ ಅಪ್ಪಾರ ಗಾಡಿ ಊರಿಂದs,” ಎಂದರು ಚಾಚಾ. ಆಮೇಲೆ ಪೆಟ್ಟಿಗೆ ತೆರೆದಾಗಲೆಲ್ಲ ನಾನು ಆ ಮುಚ್ಚಳ ನೋಡುತ್ತಿದ್ದೆ.

ಅದು ಆಲ್ಫಾ ರೋಮಿಯೋ ಸ್ಪೈಡರ್ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಚಾಚಾ ಹೇಳಿದ್ದು ಅರ್ಧ ನಿಜ. ಆಲ್ಫಾ ಮಿಲಾನಿನ ಕಂಪನಿ, 1910ರಲ್ಲಿ ಹುಟ್ಟಿದ್ದು. ಫಿಯಟ್ ಟುರಿನ್ನಿನದು. ಆದರೆ ಈ ಸ್ಪೈಡರಿನ ಮೈ ರೂಪುಗೊಂಡದ್ದು ಟುರಿನ್ನಿಗೆ ಅಂಟಿಕೊಂಡಿರುವ ಗ್ರುಲ್ಯಾಸ್ಕೋದ ಪಿನಿನ್‌ಫರೀನಾ ಕಾರ್ಖಾನೆಯಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ದಾರಿಯಲ್ಲೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮುಚ್ಚಳದ ಮೇಲಿನ ಆ ಗೆರೆಯನ್ನು ತಗಡಿನಲ್ಲಿ ಬಡಿದು ಮೂಡಿಸಿದ ಕೈಗಳು ಇದೇ ಬೀದಿಗಳಲ್ಲಿ ನಡೆದಾಡಿದ್ದವು ಎಂದು ತಿಳಿದ ದಿನ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದೆ.

1966ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಿತು. ಅದರ ರೂಪಕ್ಕೆ ಕಾರಣರಾದ ಬತ್ತಿಸ್ತಾ ಪಿನಿನ್‌ಫರೀನಾ ಕೆಲವೇ ವಾರಗಳಲ್ಲಿ, ಏಪ್ರಿಲ್ 3ರಂದು ತೀರಿಕೊಂಡರು. ಅವರು ತಾವೇ ನಿಂತು ನೋಡಿಕೊಂಡ ಕೊನೆಯ ಕಾರು ಇದೇ ಎನ್ನುತ್ತಾರೆ. ಹೆಸರಿಡಲು ಕಂಪನಿ ಸ್ಪರ್ಧೆ ಏರ್ಪಡಿಸಿತ್ತು. ಗೆದ್ದ ಹೆಸರು ‘ದುಯೆತ್ತೋ’. ಇಬ್ಬರು ಕೂಡಿ ಹಾಡುವುದು ಎಂದು ಅರ್ಥ, ನಮ್ಮ ಧಾರವಾಡದ ಕಡೆಯವರಾದರೆ ಜುಗಲ್‌ಬಂದಿ ಎಂದಾರು. ಆ ಹೆಸರಿನ ತಿನಿಸೊಂದು ಆಗಲೇ ಮಾರುಕಟ್ಟೆಯಲ್ಲಿದ್ದುದರಿಂದ ಕಂಪನಿಗೆ ಅದನ್ನು ಕಾರಿಗೆ ಅಧಿಕೃತವಾಗಿ ಇಡಲಾಗಲಿಲ್ಲ. ಜನರ ಬಾಯಿಗೆ ಮಾತ್ರ ಆ ಹೆಸರು ಅಂಟಿಕೊಂಡಿತು. ಮರುವರ್ಷ ‘ದಿ ಗ್ರ್ಯಾಜುಯೇಟ್’ ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ ಅದನ್ನು ಓಡಿಸಿದ ಮೇಲೆ ಅಮೆರಿಕದವರಿಗೂ ಅದರ ಗುರುತಾಯಿತು. ಮೊದಲ ಸ್ಪೈಡರಿನ ಹಿಂಬದಿ ದುಂಡಗೆ ಚಾಚಿಕೊಂಡಿತ್ತು. 1969ರ ಕೊನೆಗೆ ಅದನ್ನು ಕತ್ತರಿಸಿದರು. ಇಟಲಿಯವರು ಅದಕ್ಕೆ ‘ಕೋದಾ ತ್ರೋಂಕಾ’ ಎಂದರು, ಅಂದರೆ ಮೊಂಡು ಬಾಲ. ಬಲ್ಲವರಲ್ಲಿ ಹೆಚ್ಚಿನವರು ದುಂಡನೆಯದನ್ನೇ ಮೆಚ್ಚುತ್ತಾರೆ. ನನಗೆ ಮೊಂಡು ಬಾಲದ್ದೇ ಬೇಕಿತ್ತು. ಚಾಚಾನ ಪೆಟ್ಟಿಗೆಯಲ್ಲಿದ್ದದ್ದು ಅದು.

ಅಪ್ಪ ಒಮ್ಮೆ ಟುರಿನ್ನಿಗೆ ಬಂದಿದ್ದರು. ಲಿಂಗೊತ್ತೋ ಎಂಬಲ್ಲಿ ಫಿಯಟ್ಟಿನ ಹಳೆಯ ಕಾರ್ಖಾನೆ ಇದೆ. 1923ರಲ್ಲಿ ತೆರೆದದ್ದು, 1982ರಲ್ಲಿ ಮುಚ್ಚಿದ್ದು. ಕೆಳಗಿನ ಅಂತಸ್ತಿನಲ್ಲಿ ಒಳಗೆ ಹೋದ ಸಾಮಾನು ಅಂತಸ್ತು ಅಂತಸ್ತಾಗಿ ಮೇಲೇರಿ ಕಾರಾಗಿ ತಾರಸಿಗೆ ಬರುತ್ತಿತ್ತು. ತಾರಸಿಯ ಮೇಲೆಯೇ ಓಡಿಸಿ ನೋಡುವ ರಸ್ತೆ. ಎರಡು ತುದಿಯಲ್ಲೂ ತಿರುವುಗಳು ಗೋಡೆಯಂತೆ ಮೇಲೆದ್ದಿವೆ. ಅಪ್ಪ ಆ ಇಳಿಜಾರಿಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ, ನಾನು ಎಂದೂ ಅವರಿಗೆ ಹೇಳಿರದ ಮಾತನ್ನು ಕೇಳಿದರು. “ಚಾಚಾನ ಡಬ್ಬ್ಯಾಗಿನ ಆ ಕೆಂಪ ಗಾಡಿ ಸಿಕ್ತೇನೋ?” ಇನ್ನೂ ಇಲ್ಲಪ್ಪಾ ಎಂದೆ. “ಸಿಕ್ಕರ ಬಿಡಬ್ಯಾಡ,” ಎಂದರು. ಈಗ ಅಪ್ಪ ಇಲ್ಲ.

ಮನೆ ಸಾಲ, ಮಕ್ಕಳ ಓದು, ಅಮ್ಮನ ಆಸ್ಪತ್ರೆ. ಆಸೆ ಹಿಂದಿನ ಸೀಟಿಗೆ ಹೋಗುತ್ತಲೇ ಬಂತು. ಎರಡು ವರ್ಷದ ಹಿಂದೆ ಮಗಳಿಗೆ ಕೆಲಸ ಸಿಕ್ಕಿದ ವಾರ ಹೆಂಡತಿಯೇ ಮಾತು ತೆಗೆದಳು. “ಇನ್ನ ಹುಡುಕ್ರಿ. ಐವತ್ತಾತು, ಇನ್ನೂ ಎಷ್ಟ ದಿನ ಕಾಯೂದು?”

ಹುಡುಕುವುದು ಸುಲಭವಾಗಿರಲಿಲ್ಲ. ಆ ಕಾಲದ ಇಟಲಿಯ ಕಾರುಗಳ ವೈರಿ ಇಂಜಿನ್ನಲ್ಲ, ತುಕ್ಕು. ಸ್ಪೈಡರಿಗೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಬಾಗಿಲ ಕೆಳಗೆ ಎರಡೂ ಬದಿಗೆ ತೊಲೆಯಂತೆ ಓಡುವ ತಗಡಿನ ಪೆಟ್ಟಿಗೆ ಗಟ್ಟಿ ಇದ್ದರೆ ಕಾರು ಇದೆ, ಇಲ್ಲದಿದ್ದರೆ ಇರುವುದು ಬರೀ ಬಣ್ಣ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಅಲ್ಲಿಗೇ ನುಗ್ಗುತ್ತದೆ. ನಾನು ಮೊದಲು ನೋಡಿದ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರುವವರು ಮೈಯೆಲ್ಲ ಮೂಲದ್ದೇ ಎಂದರು. ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಬಾಗಿಲ ಕೆಳಗೆ ಹಿಡಿದೆ. ಮುಂಬದಿಯಲ್ಲಿ ಕಚ್ಚಿತು. ಒಂದು ಗೇಣು ಹಿಂದಕ್ಕೆ ಸರಿಸಿದೆ, ಕೈ ಬಿಟ್ಟೆ, ಸದ್ದಿಲ್ಲದೆ ನೆಲಕ್ಕೆ ಬಿತ್ತು. ಒಳಗೆ ಕಬ್ಬಿಣವಿರಲಿಲ್ಲ, ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ನನಗಾದ ದುಃಖ ದುಡ್ಡಿನದಲ್ಲ. ಅಂಥ ಮೈಗೆ ಯಾರೋ ಹಾಗೆ ಮಾಡಿದರಲ್ಲ ಎಂಬುದು ದಾರಿಯುದ್ದಕ್ಕೂ ಕೊರೆಯಿತು.

ಒಂದು ವರ್ಷ ಕಳೆದ ಮೇಲೆ ಸಹೋದ್ಯೋಗಿಯೊಬ್ಬರು ಲಾಂಗೆ ಬೆಟ್ಟಗಳ ಕಡೆ ಒಂದಿದೆ, ಅದರ ಒಡೆಯರು ಯಾರಿಗೆಂದರೆ ಅವರಿಗೆ ಕೊಡುವುದಿಲ್ಲ, ಹೋಗಿ ನೋಡಿ ಎಂದರು. ಟುರಿನ್ನಿನಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ. ದ್ರಾಕ್ಷಿ ತೋಟಗಳು ಬೆಟ್ಟಗಳಿಗೆ ಬಾಚಣಿಗೆಯಿಂದ ತಲೆ ಬಾಚಿದಂತೆ ಕಾಣುವ ಸೀಮೆ ಅದು. ದ್ರಾಕ್ಷಿಗೆ ಒಗ್ಗದ ಇಳುಕಲಲ್ಲಿ ಹೇಜಲ್‌ನಟ್ ಗಿಡ ಬೆಳೆಯುತ್ತಾರೆ. ಮೊನ್‌ಫೋರ್ತೆ ಸಮೀಪದ ಹಳ್ಳಿಯ ಆ ಹಿರಿಯರು ಅಂಥ ಒಬ್ಬ ಬೆಳೆಗಾರರು, ಎಂಬತ್ತರ ಹತ್ತಿರದ ವಯಸ್ಸು. ಕಣ್ಣಿನ ನಡುಭಾಗ ಮಸುಕಾಗುತ್ತ ಬಂದು ಈಗ ಎದುರಿಗಿದ್ದವರ ಮುಖದ ಅಂಚಷ್ಟೇ ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರು ಮಾರಲು ಅದೇ ಕಾರಣ. ನಾನು ಇಂಜಿನಿಯರ್ ಎಂದು ತಿಳಿದ ಕ್ಷಣದಿಂದ ‘ಇಂಜೆನ್ಯೇರೆ’ ಎಂದೇ ಕರೆದರು. ಹುಬ್ಬಳ್ಳಿಯಲ್ಲಿ ಇಂಜಿನಿಯರ್ ಸಾಹೇಬ್ರ ಎನ್ನುವ ಹಾಗೆಯೇ ಅಲ್ಲಿ ಅದು ರೂಢಿ.

ಕೊಟ್ಟಿಗೆಯ ಬಾಗಿಲು ಸರಿಸಿದರು. 1972ರ ಸ್ಪೈಡರ್ 2000, ಕೆಂಪು ಬಣ್ಣ ಬಿಸಿಲಿಗೆ ತುಸು ಬಾಡಿದೆ. ಹೊಳಪಿಲ್ಲ, ಆದರೆ ಬಾಗಿಲಿನ ಆ ತಗ್ಗು ಗೆರೆ ಎಲ್ಲೂ ತೊದಲದೆ ಮೂತಿಯಿಂದ ಬಾಲದವರೆಗೆ ಓಡಿತ್ತು. ಅಯಸ್ಕಾಂತ ಎಲ್ಲಿಟ್ಟರೂ ಕಚ್ಚಿತು. ಕಾಲಡಿಯ ಕಂಬಳಿ ಎತ್ತಿ ಬೆರಳಾಡಿಸಿದೆ, ತಗಡು ಒಣಗಿ ಗಟ್ಟಿ. ಒಂದು ಕಡೆ ಹಳೆಯ ಟಿಂಕರಿಂಗ್ ಗುರುತು. ಮರೆಮಾಚಿಲ್ಲ, ಅವರೇ ನನ್ನ ಕೈ ಹಿಡಿದು ಅಲ್ಲಿ ಮುಟ್ಟಿಸಿದರು. “1987. ಹಿಮದಲ್ಲಿ ಜಾರಿ ಗೋಡೆಗೆ. ತಪ್ಪು ನನ್ನದು.”

ನಂಬರ್ ಪ್ಲೇಟು ಕಪ್ಪು, ಬಿಳಿ ಅಕ್ಷರ. ಶುರುವಿನಲ್ಲಿ ಸಿ.ಎನ್., ಅಂದರೆ ಕೂನೆಯೋ ಜಿಲ್ಲೆ. ನಮ್ಮ ಧಾರವಾಡಕ್ಕೆ ಕೆ.ಎ. 25 ಇರುವ ಹಾಗೆ. ಅಲ್ಲಿ ಹಿಂದೆಲ್ಲ ಗಾಡಿ ಬೇರೆ ಜಿಲ್ಲೆಯವರ ಕೈಗೆ ಹೋದರೆ ಪ್ಲೇಟೇ ಬದಲಾಗುತ್ತಿತ್ತು. ಮೊದಲ ಪ್ಲೇಟು ಉಳಿದಿದೆ ಎಂದರೆ ಈ ಕಾರು ಅಷ್ಟು ವರ್ಷ ಇದೇ ಬೆಟ್ಟಗಳ ನಡುವೆ ಬದುಕಿದೆ. ಆರ್.ಸಿ. ಪುಸ್ತಕಕ್ಕೆ ಅವರು ಲಿಬ್ರೆತ್ತೋ ಎನ್ನುತ್ತಾರೆ, ಚಿಕ್ಕ ಪುಸ್ತಕ ಎಂದರ್ಥ. ಮಡಿಕೆ ಸವೆದ ಆ ಕಾಗದದಲ್ಲಿ ಇವರು ಎರಡನೆಯ ಒಡೆಯರು, 1974ರಿಂದ.

ನಾನು ಬಾನೆಟ್ ಎತ್ತಿದೆ. ಅವರು ಬಂದು ಪಕ್ಕದಲ್ಲಿ ನಿಂತರು. ಅಲ್ಯೂಮಿನಿಯಂ ಇಂಜಿನ್ನು, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟು, ಅವನ್ನು ತಿರುಗಿಸಲು ಚೈನು. ಈ ವಂಶದ ಮೊದಲ ಇಂಜಿನ್ನು 1954ರ ಜ್ಯುಲಿಯೆತ್ತಾ ಕಾರಿನಲ್ಲಿ ಬಂತು, 1290 ಸಿ.ಸಿ.ಯದು. ಅದೇ ಬೆಳೆದು ಬೆಳೆದು ಇದರಲ್ಲಿ 1962 ಸಿ.ಸಿ. ಆಗಿದೆ. ಅಡ್ಡಡ್ಡ ಮಲಗಿದ ಎರಡು ಕಾರ್ಬುರೇಟರು, ಒಂದೊಂದಕ್ಕೂ ಎರಡೆರಡು ಬಾಯಿ. ಅಂದರೆ ನಾಲ್ಕು ಸಿಲಿಂಡರಿಗೆ ನಾಲ್ಕು ಗಂಟಲು, ಯಾರೂ ಇನ್ನೊಬ್ಬರ ಉಸಿರು ಕಸಿಯಬೇಕಿಲ್ಲ. ಇಂಜಿನಿಯರನಾಗಿ ನಾನು ಮೆಚ್ಚುವುದು ಇದನ್ನು. ಮಾಮೂಲಿ ಜನ ಕೊಳ್ಳಬಹುದಾದ ಕಾರಿಗೆ ರೇಸಿನ ಗಾಡಿಯ ಇಂಜಿನ್ನಿನ ವಿನ್ಯಾಸ ಕೊಟ್ಟವರು ಆಗ ಎಷ್ಟು ಮಂದಿ ಇದ್ದರು?

ಚಾಲೂ ಮಾಡಿದವರು ಅವರೇ. ಎಕ್ಸಿಲೇಟರನ್ನು ಎರಡು ಸಲ ಪೂರ್ತಿ ಒತ್ತಿಬಿಟ್ಟು ಕೀಲಿ ತಿರುಗಿಸಿದರು. ಸೆಲ್ಫ್ ಒಂದು ಗಳಿಗೆ ನರಳಿತು, ಹಿಡಿಯಿತು. ಮೊದಲು ಒಡಕು ದನಿ, ಒಂದು ಗಂಟಲು ತಪ್ಪಿ ಮೂರು ಹಾಡಿದ ಹಾಗೆ. ಆಮೇಲೆ ನಾಲ್ಕನೆಯದೂ ಸೇರಿತು. ಕೆಳಗಿನಿಂದ ಒಂದು ತುಂಬು ಗುನುಗು, ಅದರ ಮೇಲೆ ಗಾಳಿ ಎಳೆದುಕೊಳ್ಳುವ ಬಾಯಿಗಳ ಹಿಸುಗುಡುವ ಎಳೆ, ಇವೆರಡರ ನಡುವೆ ಚೈನಿನ ಸಣ್ಣ ಸರಸರ. ನನಗೆ ತಡೆಯಲಾಗಲಿಲ್ಲ. ಅವರ ಗೂಡಿನಿಂದ ಸ್ಕ್ರೂಡ್ರೈವರ್ ತೆಗೆದು ಮೊನೆಯನ್ನು ಇಂಜಿನ್ನಿಗಿಟ್ಟು ಹಿಡಿಗೆ ಕಿವಿಕೊಟ್ಟೆ. ಹಿರಿಯರಿಗೆ ಕಾಣಲಿಲ್ಲ, ಆದರೆ ನಾನು ಬಗ್ಗಿದ್ದು ಗೊತ್ತಾಯಿತು. “ಎಲ್ಲಿ ಕಲಿತಿರಿ?” ಎಂದು ಕೇಳಿದರು. ನಮ್ಮೂರಿನಲ್ಲಿ, ಟುರಿನ್ನಿನ ಹಳೇ ಇಂಜಿನ್ನಿನ ಮೇಲೆ ಎಂದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಎರಡು ಲೋಟ ವೈನ್ ತಂದರು. ಬೆಲೆಯ ಮಾತು ಐದು ನಿಮಿಷದಲ್ಲಿ ಮುಗಿಯಿತು. ಮಧ್ಯಮ ಗಾತ್ರದ ಒಂದು ಹೊಸ ಕಾರಿನ ದುಡ್ಡು, ಅಷ್ಟೇ. ಕಡಿಮೆ ಮಾಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಕಾಗದಪತ್ರ ಮುಗಿದು ಕಾರು ಒಯ್ಯಲು ಹೋದ ದಿನ ಬೆಳಗ್ಗೆ ಕಣಿವೆಗಳಲ್ಲಿ ಮಂಜು ತುಂಬಿತ್ತು. ಆ ಸೀಮೆಯ ದೊಡ್ಡ ದ್ರಾಕ್ಷಿಯ ಹೆಸರು ನೆಬ್ಬ್ಯೋಲೋ, ಮಂಜು ಎಂಬ ಮಾತಿನಿಂದಲೇ ಬಂದದ್ದು ಎನ್ನುತ್ತಾರೆ. ಕೊಯ್ಲು ಮುಗಿದಿತ್ತು, ಎಲೆಗಳು ಅರಿಶಿನ ಕುಂಕುಮ ಕಲಸಿದ ಬಣ್ಣಕ್ಕೆ ತಿರುಗಿದ್ದವು. ಹೆಂಡತಿ ನಮ್ಮ ದಿನನಿತ್ಯದ ಕಾರಿನಲ್ಲಿ ಹಿಂದೆ ಬರುವುದೆಂದಾಯಿತು. ಹಿರಿಯರು ಕೀಲಿಯನ್ನು ಕೈಯಲ್ಲಿಟ್ಟು ಎರಡೇ ಮಾತು ಹೇಳಿದರು. ಒಂದು, ಎಣ್ಣೆ ಬಿಸಿಯಾಗುವ ತನಕ ಇಂಜಿನ್ನನ್ನು 3000 ಸುತ್ತಿನ ಮೇಲೆ ಏರಿಸಬೇಡಿ. ಇನ್ನೊಂದು, “ಎರಡನೇ ಗೇರಿಗೆ ಹಾಕುವ ಮೊದಲು ನಡುವೆ ನಿಲ್ಲಿಸಿ ಒಂದು ಉಸಿರು ತೆಗೆದುಕೊಳ್ಳಿ. ಅವಸರ ಮಾಡಿದರೆ ಅದು ಅಳುತ್ತದೆ, ಇಲ್ಲಿ ನಿಂತ ನನಗೆ ಕೇಳಿಸುತ್ತದೆ.”

ಈ ಕಾರುಗಳ ಗೇರ್‌ಬಾಕ್ಸ್ ಬಲ್ಲವರಿಗೆಲ್ಲ ಎರಡನೆಯ ಗೇರಿನ ಸಂಗತಿ ಗೊತ್ತು. ಐದು ಗೇರುಗಳಲ್ಲಿ ಎರಡನೆಯದರ ವೇಗ ಹೊಂದಿಸುವ ಸಿಂಕ್ರೋ ಬಳೆ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಎಣ್ಣೆ ತಣ್ಣಗಿರುವಾಗ ಅವಸರವಾಗಿ ತಳ್ಳಿದರೆ ಹಲ್ಲಿಗೆ ಹಲ್ಲು ಉಜ್ಜಿ ಕಿರ್ರೆನ್ನುತ್ತದೆ. ಐವತ್ತು ವರ್ಷ ಅದು ಉಳಿದಿದೆ ಎಂದರೆ ಐವತ್ತು ವರ್ಷ ಒಬ್ಬರು ಆ ಒಂದು ಉಸಿರನ್ನು ತಪ್ಪಿಸಿಲ್ಲ.

ಕೂತೆ. ಸೀಟು ನೆಲಕ್ಕೆ ಹತ್ತಿರ, ಕಾಲು ಮುಂದಕ್ಕೆ ಚಾಚಿದೆ. ಎದುರಿಗೆ ಎರಡು ದೊಡ್ಡ ಗಡಿಯಾರ, ವೇಗದ್ದು ಮತ್ತು ಸುತ್ತಿನದು. ನಡುವೆ ನನ್ನತ್ತ ತಿರುಗಿದ ಮೂರು ಚಿಕ್ಕವು. ಬೆಂಜೀನಾ, ಓಲ್ಯೋ, ಆಕ್ವಾ. ಪೆಟ್ರೋಲು, ಎಣ್ಣೆ, ನೀರು. ಗೇರಿನ ಕಡ್ಡಿ ನೆಲದಿಂದ ಬಾರದೆ ಡ್ಯಾಶ್‌ಬೋರ್ಡಿನ ಕೆಳಗಿಂದ ಓರೆಯಾಗಿ ಕೈಗೆ ಚಾಚಿಕೊಂಡಿದೆ, ಹಸ್ತಲಾಘವಕ್ಕೆ ಬಂದ ಹಾಗೆ. ಮೇಲಿನ ಬಟ್ಟೆಯನ್ನು ಮಡಚಿ ಹಿಂದಕ್ಕೆ ಹಾಕಿದ್ದೆ. ಚಳಿ ಇದ್ದರೂ ಮುಚ್ಚಿಕೊಂಡು ಹೊರಡುವ ಮನಸ್ಸಾಗಲಿಲ್ಲ. ಮಫ್ಲರ್ ಬಿಗಿದುಕೊಂಡು ಮೊದಲ ಗೇರಿಗೆ ಹಾಕಿ ಗೇಟು ದಾಟಿದೆ.

ಕ್ಲಚ್. ಕಡ್ಡಿ ನಡುವಿಗೆ. ನಿಜವಾಗಿಯೇ ಒಂದು ಉಸಿರು ಎಳೆದುಕೊಂಡೆ, ಹಣ್ಣೆಲೆಯ ವಾಸನೆ. ಕಡ್ಡಿಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ಎಳೆದೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಎರಡನೆಯದು ಕೂತಿತು. ಕನ್ನಡಿಯಲ್ಲಿ ನೋಡಿದೆ. ಹಿರಿಯರು ಗೇಟಿನಲ್ಲಿ ನಿಂತಿದ್ದರು. ಮುಖ ರಸ್ತೆಯ ಕಡೆಗಿರಲಿಲ್ಲ, ಕಿವಿ ರಸ್ತೆಯ ಕಡೆಗಿತ್ತು.

ಮೊದಲ ಆರೇಳು ಕಿಲೋಮೀಟರು 3000 ದಾಟಲಿಲ್ಲ. ನಾನು ಚಿಕ್ಕವನಿದ್ದಾಗ ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರು, ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಹಾಡುತ್ತಿದ್ದುದನ್ನು ಕೇಳಿ ಬೆಳೆದವನು. ಯಾವ ಗವಾಯಿಯೂ ಕೂತ ಕೂಡಲೇ ತಾರಕ್ಕೆ ಏರುವುದಿಲ್ಲ. ಕೆಳಗಿನ ಷಡ್ಜದಲ್ಲಿ ಗಂಟಲು ಕಾಯಬೇಕು. ಹೊಸ ಕಾರುಗಳಲ್ಲಿ ಈ ಕಾಯುವಿಕೆ ಹೆಚ್ಚುಕಡಿಮೆ ಹೊರಟೇಹೋಗಿದೆ, ನಾವು ತಯಾರಿಸುವವರೇ ಅದನ್ನು ತೆಗೆದುಹಾಕಿದ್ದೇವೆ. ಓಲ್ಯೋ ಎಂಬ ಆ ಚಿಕ್ಕ ಗಡಿಯಾರದ ಮುಳ್ಳನ್ನು ನೋಡುತ್ತ ಇಳಿಜಾರಿನಲ್ಲಿ ನಿಧಾನ ಸಾಗುವಾಗ ನನಗೆ ಅದು ಕಳೆದುಹೋದದ್ದರ ಬಗ್ಗೆ ನಿಜವಾಗಿ ಬೇಸರವಾಯಿತು.

ಬರೋಲೋ ಊರು ದಾಟಿದ ಮೇಲೆ ಏರು. ಬರೋಲೋ ಸುಮಾರು 300 ಮೀಟರ್ ಎತ್ತರದಲ್ಲಿದೆ, ಎದುರಿನ ಲಾ ಮೋರಾ 500 ದಾಟುತ್ತದೆ. ನಡುವೆ ದ್ರಾಕ್ಷಿ ತೋಟಗಳನ್ನು ಸುತ್ತಿ ಸುತ್ತಿ ಹತ್ತುವ ರಸ್ತೆ. ಅಷ್ಟು ಹೊತ್ತಿಗೆ ಎಣ್ಣೆ ಕಾದಿತ್ತು. ಮೂರನೆಯ ಗೇರಿನಲ್ಲಿ ಕಾಲು ಒತ್ತಿದೆ. 4000ದ ಹತ್ತಿರ ಅದುವರೆಗಿನ ಗುನುಗು ಬಾಯಿ ತೆರೆಯಿತು. ಆ ನಾಲ್ಕು ಗಂಟಲುಗಳು ಒಂದಾಗಿ ಎಳೆಯುವ ದನಿ ಬಾನೆಟ್ಟಿನ ಕೆಳಗಿನಿಂದ ಬರುತ್ತದೆ, ಸೈಲೆನ್ಸರಿನ ದನಿ ಬೆನ್ನ ಹಿಂದಿನಿಂದ, ಎರಡೂ ತೆರೆದ ಮೈಯ ಮೇಲೆ ಸೇರುತ್ತವೆ. ಆಗ ಅರ್ಥವಾಯಿತು, ದುಯೆತ್ತೋ ಎಂದು ಹೆಸರಿಟ್ಟವರಿಗೆ ಎರಡು ಸೀಟು ಮಾತ್ರ ಕಂಡಿರಲಿಕ್ಕಿಲ್ಲ.

ವೇಗ ಎಷ್ಟಿತ್ತು ಎಂದು ಯಾರಾದರೂ ಕೇಳಿಯಾರು. 70 ದಾಟಲಿಲ್ಲ. ಮುಂದೆ ಒಂದು ಹಿಮ್ಮುರಿ ತಿರುವು, ಏರು ಜೋರಾದದ್ದು. ಮೂರನೆಯದರಿಂದ ಎರಡಕ್ಕೆ ಇಳಿಯಲೇಬೇಕು. ಏರುವಾಗ ಉಸಿರು ಸಾಕು, ಇಳಿಯುವಾಗ ಡಬಲ್ ಕ್ಲಚ್ ಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಎಕ್ಸಿಲೇಟರಿಗೆ ಒಂದು ಚಿಕ್ಕ ತಟ್ಟು, ಮತ್ತೆ ಕ್ಲಚ್, ಎರಡನೆಯದು. ಅಪ್ಪ ಫಿಯಟ್ಟಿನಲ್ಲಿ ಘಾಟಿ ಹತ್ತುವಾಗ ಎಡಗೈಯಲ್ಲಿ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಅವರ ಕಾಲು ನೋಡುತ್ತಿದ್ದೆ. ಇಲ್ಲಿ ಗೇರು ಬಲಗೈಗೆ. ಕಾಲಿಗೆ ಮಾತ್ರ ಎಲ್ಲವೂ ನೆನಪಿತ್ತು. ತಟ್ಟಿದಾಗ ಇಂಜಿನ್ ಒಮ್ಮೆ ಹೂಂಕರಿಸಿತು, ಕಡ್ಡಿ ತಾನೇ ಇಳಿಯಿತು, ಮೂತಿ ತಿರುವಿನ ಒಳಗೆ ನುಸುಳಿತು. ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದಲ್ಲ.

ಲಾ ಮೋರಾದ ನೆತ್ತಿಯಲ್ಲಿ ಕಟ್ಟೆ ಕಟ್ಟಿದ ಒಂದು ಜಾಗವಿದೆ. ಅಲ್ಲಿ ನಿಲ್ಲಿಸಿದೆ. ಕಣಿವೆಯ ಮಂಜಿನ ಮೇಲೆ ಬೆಟ್ಟದ ತುದಿಗಳು ನಡುಗಡ್ಡೆಗಳಂತೆ ತೇಲುತ್ತಿದ್ದವು, ದೂರದಲ್ಲಿ ಮೊನ್ವೀಸೋ ಶಿಖರ, 3841 ಮೀಟರ್, ಬೆಳ್ಳಗೆ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಕಾಯಿಸಿಕೊಂಡಳು. ಆರುತ್ತಿರುವ ಕಬ್ಬಿಣ ಟಿಣ್ ಟಿಣ್ ಎನ್ನುತ್ತಿತ್ತು. ಹಿರಿಯರಿಗೆ ಫೋನ್ ಮಾಡಿದೆ.

“ಎದುರಿನ ದಿಬ್ಬ ದಾಟುವ ತನಕ ಕೇಳಿಸಿತು,” ಎಂದರು. “ಎರಡನೆಯದು ಚೆನ್ನಾಗಿತ್ತು. ಮೂರನೆಯದಕ್ಕೆ ತುಸು ಬೇಗ ಹೋದಿರಿ, ಅದಕ್ಕೆ ಇನ್ನೂ ಎಳೆಯುವ ಮನಸ್ಸಿತ್ತು.” ಸ್ವಲ್ಪ ತಡೆದು, ಒಮ್ಮೆ ಚಾಲೂ ಮಾಡಿ ಎಂದರು. ಮಾಡಿದೆ. ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದೆ. ಒಂದು ನಿಮಿಷ ಆ ಕಡೆಯಿಂದ ಮಾತಿಲ್ಲ.

“ಸರಿ ಇದೆ ಇಂಜೆನ್ಯೇರೆ. ಓಲ್ಯೋ ನೋಡುತ್ತಿರಿ. ಹೆಡ್‌ಲೈಟಿನ ಬೆಳಕು ಅಷ್ಟಕ್ಕಷ್ಟೇ, ಕತ್ತಲಾಗುವುದರೊಳಗೆ ಮನೆ ಸೇರಿ.”